ನಾಣಿ ಆರಿಸಿದ ಹರಟೆಕಟ್ಟೆ

ಪೆಟಾಲಿಂಗ್ ಜಯಾದಲ್ಲಿ ಮಳೆ ಬರಬೇಕಾದರೆ ಮೊದಲು ಹದಿನಾಲ್ಕನೆಯ ಮಹಡಿಯ ನಾಣಿಯ ಅಪ್ಪಣೆ ಆಗಬೇಕಿತ್ತು. ಮಧ್ಯಾಹ್ನದ ನಿದ್ದೆ ಮುಗಿಸಿ, ಪಂಚೆ ಬಿಗಿ ಮಾಡಿಕೊಂಡು, ಬಾಲ್ಕನಿಗೆ ಬಂದು, ಬಲಗೈ ಎತ್ತಿ "ಬಾ" ಅಂದರೆ ಸಾಕು, ಹೆದ್ದಾರಿಯ ಆಚೆ ಕಾದು ನಿಂತಿದ್ದ ಮೋಡಗಳು ಒಂದರ ಮೇಲೊಂದು ಬಿದ್ದು ಓಡಿ ಬರುತ್ತಿದ್ದವು. ಒಮ್ಮೆ ನೆಗಡಿಯಾಗಿ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಅವತ್ತು ಕ್ವಾಲಾಲಂಪುರದ ತನಕ ಒಂದು ಹನಿ ಬೀಳಲಿಲ್ಲ, ಕೊಡೆ ಮಾರುವವರು ಲಿಫ್ಟಿನ ಬಾಗಿಲಲ್ಲಿ ನಿಂತು ಗೋಳೋ ಅಂತ ಅತ್ತರು. ಇದು ನಾಣಿಯೇ ಹೇಳಿದ ಮಾತು, ಹಾಗಾಗಿ ಸುಳ್ಳಿರಲು ಸಾಧ್ಯವೇ ಇಲ್ಲ.

ಮೈಸೂರಿನ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವ ಕೆಲಸದಿಂದ ನಿವೃತ್ತನಾಗಿ, ಹೆಂಡತಿ ತೀರಿಕೊಂಡ ಮೇಲೆ ಮಗ ವಿನಯನ ಮನೆಗೆ ಬಂದು ಸೇರಿದ್ದ. ಆಗ ಮೊಮ್ಮಗಳು ಅಕ್ಷಯಾಗೆ ಒಂಬತ್ತು ವರ್ಷ. ಶಾಲೆಯ ಬ್ಯಾಗು ಸೋಫಾದ ಮೇಲೆ ಬಿಸಾಡಿ ಬಂದು, ತಾತನ ತೋಳಿನ ಕೆಳಗೆ ನಿಂತು, ತಾನೂ ಕೈ ಎತ್ತಿ "ಬಾ!" ಅನ್ನುತ್ತಿದ್ದಳು. ಈಗ ಅವಳಿಗೆ ಹತ್ತೊಂಬತ್ತು. ನಿಲಾಯ್‌ನ ಯೂನಿವರ್ಸಿಟಿಯಲ್ಲಿ ಓದು, ಅಲ್ಲೇ ಹಾಸ್ಟೆಲು. ಶುಕ್ರವಾರ ಸಂಜೆ ಮನೆಗೆ ಬರುತ್ತಾಳೆ, ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡೇ. ತಾತ ಒಂದು ಪುರಾಣದಷ್ಟು ಪ್ರಶ್ನೆ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ, ಎರಡೇ ಪದ.

"ಬಾರೇ ಪುಟ್ಟಿ, ಬಿಸಿಬೇಳೆಬಾತು ನಿನಗೇ ಅಂತ ಮಾಡಿಸಿದೀನಿ. ನಿಮ್ಮಮ್ಮನ ಹತ್ತಿರ ಜಗಳ ಆಡಿ ಮಾಡಿಸಿದೀನಿ."

"ನಾಟ್ ಹಂಗ್ರಿ, ತಾತ."

ಅವಳು ಫೋನಿನಲ್ಲಿ ಆಟ ಆಡುತ್ತಾಳೆ. ಹೊತ್ತು ಹೋಗದೆ ಆಡುವ ಆಟವಲ್ಲ. ಐದು ಜನರ ತಂಡ, ಕೋಚು, ಜೆರ್ಸಿ, ಯೂನಿವರ್ಸಿಟಿಗಳ ನಡುವೆ ದೊಡ್ಡ ಲೀಗು. ತಂಡದ ಹೆಸರು ಹಾರ್ನ್‌ಬಿಲ್ಸ್, ಕ್ಯಾಪ್ಟನ್ ಅಕ್ಷಯಾ. ತಂಡದಲ್ಲಿ ಇರುವ ತನಕ ಅವಳ ಅರ್ಧ ಫೀಸು ಮಾಫಿ. ಅದಕ್ಕೇ ವಾಸಂತಿ, ಅಂದರೆ ಅವಳ ಅಮ್ಮ, ಮಗಳ ಕೈಯಲ್ಲಿ ಫೋನು ನೋಡಿದಾಗೆಲ್ಲ ಬಾಯಿಗೆ ಬಂದ ಬೈಗುಳವನ್ನು ಅನ್ನದ ಜೊತೆ ನುಂಗಿಕೊಳ್ಳುತ್ತಿದ್ದಳು.

ಎಡವಟ್ಟು ಶುರುವಾದದ್ದು ವಿನಯನಿಂದ. ಅವನು ಐಟಿ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುವವನು. ಕೊಳ್ಳುವ ಮೊದಲು ಹೋಲಿಸಿ ನೋಡುವುದು ಅವನಿಗೆ ಅಂಟಿದ ಕಾಯಿಲೆ. ರೈಸ್ ಕುಕ್ಕರು ಹೋಲಿಸುತ್ತಾ ಕೂತಿದ್ದಷ್ಟು ಕಾಲದಲ್ಲಿ ಚೀನಾದವರು ಒಂದು ಹೊಸ ಊರನ್ನೇ ಕಟ್ಟಿ ಮುಗಿಸಿದ್ದರು, ವಾಸಂತಿ ಪಾತ್ರೆಯಲ್ಲೇ ಅನ್ನ ಬಸಿದಳು, ಕೊನೆಗೆ ಕುಕ್ಕರು ಬರಲೇ ಇಲ್ಲ. ಒಂದು ಸಂಜೆ ಅವನು ಆಫೀಸಿನಿಂದ ಬಂದವನೇ ಟೈ ಬಿಚ್ಚದೆ ಊಟಕ್ಕೆ ಕೂತ.

"ಅಪ್ಪಾ, ನಮ್ಮ ಅಕ್ಷಯಾ ಟೀಮಿನ ಮೇಲೆ ಜನ ಬಾಜಿ ಕಟ್ತಾರಂತೆ! ನಮ್ಮ ಆಫೀಸಿನ ಸಂತೋಷ ತೋರಿಸಿದ. ಪ್ರಿಡಿಕ್ಷನ್ ಮಾರ್ಕೆಟ್ ಅಂತ."

"ಜೂಜು ಅನ್ನು," ಅಂದಳು ವಾಸಂತಿ, ಸಾರು ಬಡಿಸುತ್ತಾ. ಅವಳ ಸಾರಿನ ಘಾಟಿಗೆ ಒಂಬತ್ತನೆಯ ಮಹಡಿಯಲ್ಲಿದ್ದ ತಮಿಳರ ಮಗು ಸೀನುತ್ತಿತ್ತು.

"ಪೂರ್ತಿ ಜೂಜಲ್ಲ, ಕೇಳು. ಇದು ಷೇರು ಇದ್ದ ಹಾಗೆ." ವಿನಯ ಒಂದು ಹಪ್ಪಳ ಎತ್ತಿಕೊಂಡ. "ಇದು ಪೂರ್ತಿ ಹಪ್ಪಳ, ನಮ್ಮ ನೂರು ಪೈಸೆ ಥರ ನೂರು ಸೆನ್ ಅಂದ್ಕೊ. ಹಾರ್ನ್‌ಬಿಲ್ಸ್ ಗೆದ್ರೆ ನಿನಗೆ ಪೂರ್ತಿ ಹಪ್ಪಳ. ಸೋತ್ರೆ ಏನೂ ಇಲ್ಲ. ಈಗ ಅದರ ರೇಟು ಅರವತ್ತು ಅಂದ್ರೆ, ಗೆಲ್ಲೋ ಸಾಧ್ಯತೆ ನೂರಕ್ಕೆ ಅರವತ್ತು ಅಂತ ಜನ ನಂಬಿದಾರೆ. ಯಾರಾದ್ರೂ ಹೊಸ ಸುದ್ದಿ ತಂದ್ರೆ ರೇಟು ಏರತ್ತೆ, ಇಳಿಯತ್ತೆ."

"ಹಪ್ಪಳ ಇಡು, ಮೆತ್ತಗಾಗತ್ತೆ."

ಅವತ್ತಿನಿಂದ ಆ ಮನೆಯಲ್ಲಿ ಊಟಕ್ಕೆ ಅನ್ನ, ಸಾರು, ಪಲ್ಯ, ಜೊತೆಗೆ ಹೋಲಿಕೆ. ವಿನಯ ಮೂರು ಆ್ಯಪುಗಳನ್ನು ಎದುರುಬದುರು ಇಟ್ಟುಕೊಂಡಿದ್ದ. ಅವುಗಳ ಇಂಗ್ಲಿಷು ಹೆಸರು ನಾಣಿಯ ನಾಲಿಗೆಗೆ ಒಗ್ಗದೆ ಅವನೇ ಬೇರೆ ಹೆಸರು ಇಟ್ಟ. ಮೊದಲನೆಯದು ಸಾಹುಕಾರ: ಆಡುವವರು ಸಾವಿರಾರು, ಕಮಿಷನ್ ಕಡಿಮೆ, ಆದರೆ ಗೆದ್ದ ದುಡ್ಡು ಕೈಗೆ ಬರಲು ವಾರ ಹಿಡಿಯುತ್ತದೆ. ಎರಡನೆಯದು ಓಟಗಾರ: ದುಡ್ಡು ತಕ್ಷಣ ಕೊಡುತ್ತದೆ, ಕಮಿಷನ್ ಮಾತ್ರ ಸುಲಿಗೆ. ಮೂರನೆಯದರಲ್ಲಿ ದುಡ್ಡೇ ಇಲ್ಲ. ಸುಮ್ಮನೆ ಕೊಡುವ ಕಾಯಿನ್ನು, ಒಂದು ಕಾಫಿಗೂ ಬಾರದ್ದು.

"ಮ್ಯಾಚು ಅರ್ಧಕ್ಕೆ ನಿಂತುಹೋದ್ರೆ ಏನು ಮಾಡ್ತಾರೆ ಅನ್ನೋದು ಮುಖ್ಯ," ಅಂದ ವಿನಯ ಮೊಸರನ್ನ ಕಲಸುತ್ತಾ. "ಇಂಟರ್ನೆಟ್ ಹೋಯ್ತು ಅನ್ನು. ಸಾಹುಕಾರ ಎಲ್ಲರ ದುಡ್ಡೂ ವಾಪಸ್ ಕೊಡತ್ತೆ. ಓಟಗಾರ, ಲೀಗ್‌ನವರು ಯಾರನ್ನ ಗೆದ್ದೋರು ಅಂದ್ರೆ ಅವರಿಗೇ ಕೊಡತ್ತೆ. ಮೂರನೇದರಲ್ಲಿ ಆಡಿದೋರೇ ವೋಟು ಹಾಕಿ ತೀರ್ಮಾನ ಮಾಡ್ತಾರೆ."

ವಾಸಂತಿ ಸೌಟನ್ನು ಪಾತ್ರೆಗೆ ಬಡಿದಳು. "ರೀ, ನೀವು ಎಂಪ್ಲಾಯ್‌ಮೆಂಟ್ ಪಾಸ್ ಮೇಲೆ ಇರೋರು. ಈ ದೇಶದಲ್ಲಿ ಬೆಟ್ಟಿಂಗು ಅಂತ ಸಿಕ್ಕಿಹಾಕ್ಕೊಂಡ್ರೆ ನಾಲ್ಕೂ ಜನ ಗಂಟು ಕಟ್ಟಿಕೊಂಡು ಹೊರಡಬೇಕಾಗತ್ತೆ. ಮಗಳ ಆಟದ ಮೇಲೆ ಅಪ್ಪನೇ ದುಡ್ಡು ಕಟ್ಟಿದಾನೆ ಅಂದ್ರೆ ಅವಳ ಗತಿ?"

"ನಾನು ಕಟ್ಟಲ್ಲ ಕಣೇ. ಬರೀ ಹೋಲಿಸ್ತಾ ಇದೀನಿ."

"ಕುಕ್ಕರ್ ಥರಾನಾ?"

ನಾಣಿ ಇಷ್ಟು ಹೊತ್ತೂ ಮೀಸೆಯಲ್ಲಿ ಮೊಸರು ಅಂಟಿಸಿಕೊಂಡು ಯೋಚಿಸುತ್ತಿದ್ದ. ಕಮಿಷನ್ನು, ವೋಟು, ಇವೆಲ್ಲ ಅವನ ತಲೆಗೆ ಇಳಿದೇ ಇರಲಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಇವುಗಳಲ್ಲಿ ಮಾತಾಡೋಕೆ ಜಾಗ ಇರೋದು ಯಾವುದರಲ್ಲಿ?"

"ಅಂದ್ರೆ? ಕಾಮೆಂಟಾ? ಮೂರನೇದರಲ್ಲಿ ಮಾತ್ರ. ಮ್ಯಾಚಿನ ಕೆಳಗೆ ಜನ ಹರಟೆ ಹೊಡೀತಾರೆ."

"ಹಾಗಾದ್ರೆ ಅದೇ ಒಳ್ಳೇದು. ನನ್ನ ಫೋನಿಗೆ ಹಾಕಿಕೊಡು."

ದುಡ್ಡಿಲ್ಲವಲ್ಲ, ಮುದುಕನಿಗೆ ಹೊತ್ತು ಹೋಗಲಿ ಅಂತ ವಿನಯ ಹಾಕಿಕೊಟ್ಟ. ವಾಸಂತಿಯೂ ಬೇಡ ಅನ್ನಲಿಲ್ಲ. ಅದರ ಹೆಸರು ಹರಟೆಕಟ್ಟೆ ಅಂತಾಯಿತು.

ಅಲ್ಲಿಂದ ಮುಂದಿನ ಕೆಲವು ವಾರ ನಾಣಿ ಆಳಿದ ಹಾಗೆ ಯಾವ ಸುಲ್ತಾನನೂ ಆಳಲಿಲ್ಲ. ಕನ್ನಡದಲ್ಲಿ ಹೇಳಿದರೆ ಫೋನು ತಾನೇ ಇಂಗ್ಲಿಷಿಗೆ ತಿರುಗಿಸಿ ಬರೆಯುತ್ತಿತ್ತು. ಬಸ್ ನಿಲ್ದಾಣದ ಗಂಟಲು ಮತ್ತೆ ತೆರೆಯಿತು. "ನಾನು ಈ ಆಟವನ್ನ ಐವತ್ತು ವರ್ಷದಿಂದ ನೋಡ್ತಾ ಬಂದಿದೀನಿ," ಅಂತ ಮೊದಲ ಕಾಮೆಂಟು. ಆ ಆಟ ಹುಟ್ಟಿ ಆರು ವರ್ಷವೂ ಆಗಿರಲಿಲ್ಲ. ಹುಡುಗರು ನಕ್ಕು ನಕ್ಕು ಬಿದ್ದರು. "ಪೆಟಾಲಿಂಗ್ ಜಯಾದ ನಾಲ್ಕು ಗಂಟೆ ಮಳೆ ನನ್ನದೇ," ಅಂದ. ಅದಕ್ಕೆ ನೂರಾರು ಲೈಕು. ಅಂಕಲ್, ಅಂಕಲ್ ಅಂತ, ಮಾತಿನ ತುದಿಗೆ ಮಲೇಷ್ಯಾದ 'ಲಾ' ಸಿಕ್ಕಿಸಿ ದುಂಬಾಲು ಬಿದ್ದರು. ಅಂಕಲ್, ಇವತ್ತು ಯಾರು ಗೆಲ್ತಾರೆ ಲಾ? ನಾಣಿ ಕಣ್ಣು ಮುಚ್ಚಿ ಒಂದು ತಂಡದ ಹೆಸರು ಹೇಳಿದ, ಗೆದ್ದಿತು. ಮರುವಾರ ಇನ್ನೊಂದು ಹೇಳಿದ, ಅದೂ ಗೆದ್ದಿತು.

"ವಾಸಂತಿ, ಇಡೀ ಏಷ್ಯಾ ಖಂಡ ನನ್ನ ಬಾಯಿ ನೋಡ್ತಾ ಕೂತಿದೆ."

"ಆ ಖಂಡಕ್ಕೆ ಸ್ವಲ್ಪ ಕಾಯೋಕೆ ಹೇಳಿ ಮಾವಾ, ಹುರುಳಿಕಾಯಿ ನಾರು ತೆಗೆದುಕೊಡಿ."

ನಾರು ತೆಗೆಯುತ್ತಲೇ ಅವನು ಫೋನಿಗೆ ಇನ್ನೊಂದು ಮಾತು ಹೇಳಿದ. ಹಾರ್ನ್‌ಬಿಲ್ಸ್ ಕ್ಯಾಪ್ಟನ್ ನನ್ನ ಮೊಮ್ಮಗಳು. ಪ್ರತಿ ಮ್ಯಾಚಿನ ಮೊದಲು ನನಗೆ ಫೋನ್ ಮಾಡ್ತಾಳೆ. ನನ್ನನ್ನ ಕೇಳದೆ ಒಂದು ಹೆಜ್ಜೆ ಇಡಲ್ಲ.

ಆಮೇಲೆ ಹರಟೆಕಟ್ಟೆಯಲ್ಲಿ ಬೇರೆ ಪ್ರಶ್ನೆಯೇ ಉಳಿಯಲಿಲ್ಲ. ಇವತ್ತು ಅವಳು ಏನಂದಳು ಅಂಕಲ್? ಏನಂದಳು? ಏನಂದಳು?

ಸೆಮಿಫೈನಲ್‌ನ ಹಿಂದಿನ ಶುಕ್ರವಾರ ಅಕ್ಷಯಾ ಮನೆಗೆ ಬಂದಳು. ಬಲಗೈಗೆ ಪಟ್ಟಿ ಸುತ್ತಿಕೊಂಡಿದ್ದಳು. ವಾಸಂತಿ ಒಬ್ಬಟ್ಟು ಮಾಡಿದ್ದಳು.

"ಕೈಗೆ ಏನಾಯ್ತೇ?"

"ನಥಿಂಗ್ ಲಾ, ಅಮ್ಮ. ಜಸ್ಟ್ ಸಪೋರ್ಟ್."

"ನಾಳೆ ಗೆಲ್ತೀರಾ ಪುಟ್ಟಿ?" ಅಂದ ನಾಣಿ. "ನನಗೆ ಮಾತ್ರ ಹೇಳು. ಗುಟ್ಟಾಗಿ."

"ನಾಟ್ ಹಂಗ್ರಿ, ತಾತ." ಅವನು ಏನು ಕೇಳಿದ ಅನ್ನುವುದೂ ಅವಳ ಕಿವಿಗೆ ಬಿದ್ದಿರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡಳು.

ನಾಣಿ ಬಾಲ್ಕನಿಗೆ ಹೋದ. ಹರಟೆಕಟ್ಟೆಯಲ್ಲಿ ಜನ ಕಾದಿದ್ದರು. ಅವನು ಗಂಟಲು ಸರಿಮಾಡಿಕೊಂಡು ಹೇಳಿದ: "ಈಗ ತಾನೇ ನನ್ನ ಮೊಮ್ಮಗಳು ಪಕ್ಕದಲ್ಲಿ ಕೂತು ಹೇಳಿದ್ಳು. ಕೈ ನೋವಿದೆ. ನಾಳೆ ಮ್ಯಾಚಿನ ಮೂರು ಆಟದಲ್ಲಿ ಮೊದಲನೇದು ಬಿಟ್ಟುಕೊಡ್ತಾರೆ. ಆಮೇಲಿನ ಎರಡೂ ಗೆಲ್ತಾರೆ. ಬರೆದಿಟ್ಟುಕೊಳ್ಳಿ."

ಮರುದಿನ ಹಾರ್ನ್‌ಬಿಲ್ಸ್ ಮೊದಲ ಆಟ ಸೋತರು. ಆಮೇಲಿನ ಎರಡೂ ಗೆದ್ದರು.

ನಾಣಿ ಕುಣಿದ ರಭಸಕ್ಕೆ ಹದಿಮೂರನೆಯ ಮಹಡಿಯ ಗಿಲಾವು ಉದುರಿತು. ಕೆಳಗಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ ಟೀ ಅಂಗಡಿಗೆ ಹೋಗಿ ಅಲ್ಲಿದ್ದ ಇನ್ನೂರು ಮಂದಿಗೂ ಟೀ ಕೊಡಿಸಿದ. ಇರಲಿ, ನಾಲ್ಕು ಮಂದಿ. ಅದರಲ್ಲಿ ಇಬ್ಬರು ಬೇಡ ಅಂದರು.

ಯೂನಿವರ್ಸಿಟಿಯಿಂದ ಫೋನು ಬಂದದ್ದು ಸೋಮವಾರ, ವಾಸಂತಿ ಬಟ್ಟೆ ಒಣಹಾಕುವಾಗ. ಅವಳು ಒಂದು ಕೈಯಲ್ಲಿ ವಿನಯನ ಒದ್ದೆ ಅಂಗಿ ಹಿಡಿದುಕೊಂಡೇ ಮಾತಾಡಿದಳು. ಅಂಗಿಯಿಂದ ನೀರು ತೊಟ್ಟಿಕ್ಕಿ ನೆಲದಲ್ಲಿ ಮಡುಗಟ್ಟುವ ತನಕ ಅವಳು ಅಲ್ಲಾಡಲಿಲ್ಲ. ಅಕ್ಷಯಾಳನ್ನು ಲೀಗ್‌ನವರು ಅಮಾನತು ಮಾಡಿದ್ದರು. ಬೇಕಂತಲೇ ಮೊದಲ ಆಟ ಸೋತಿದ್ದಾಳೆ, ಅದನ್ನು ಮೊದಲೇ ಹೊರಗೆ ಹೇಳಿದ್ದಾಳೆ ಅನ್ನುವ ದೂರು. ವಿಚಾರಣೆ ಮುಗಿಯುವ ತನಕ ಆಡುವ ಹಾಗಿಲ್ಲ. ಫೈನಲ್ ಆ ಶನಿವಾರವೇ ಇತ್ತು, ವಿಚಾರಣೆ ಅದರ ಮುಂದಿನ ವಾರ.

ಅಕ್ಷಯಾ ಅವತ್ತೇ ಮನೆಗೆ ಬಂದಳು. ಶೂ ಬಿಚ್ಚದೆ ಒಳಗೆ ಬಂದು ಊಟದ ಮೇಜಿನ ಮೇಲೆ ಫೋನಿಟ್ಟಳು. ಪರದೆಯ ಮೇಲೆ ಯಾರೋ ತೆಗೆದಿಟ್ಟ ಕಾಮೆಂಟಿನ ಚಿತ್ರ. ವಿನಯ ಓದಿ, ತಲೆ ಎತ್ತಿ ಅಪ್ಪನ ಕಡೆ ನೋಡಿದ.

"ಅಪ್ಪಾ."

"ನನ್ನನ್ನ ಯಾಕೆ ನೋಡ್ತೀಯಾ? ನನ್ನ ಫೋನು ಹ್ಯಾಕ್ ಆಗಿತ್ತು ಕಣೋ. ಒಬ್ಬನಲ್ಲ, ಏಳು ದೇಶದ ಕಳ್ಳರು ಸೇರಿ ನುಗ್ಗಿದ್ರು. ನಾನೇ ಹೋರಾಡಿ ಓಡಿಸಿದೆ."

ಅಕ್ಷಯಾ ಪರದೆಯನ್ನು ಸರಿಸಿ ಇನ್ನೊಂದು ಚಿತ್ರ ತೋರಿಸಿದಳು. ಪೆಟಾಲಿಂಗ್ ಜಯಾದ ನಾಲ್ಕು ಗಂಟೆ ಮಳೆ ನನ್ನದೇ.

"ದಿ ರೇನ್, ತಾತ," ಅಂದಳು. "ಹೂ ಎಲ್ಸ್?"

ನಾಣಿಯ ಬಾಯಿ ತೆರೆದಿತ್ತು. ಅವನು ಮೆಲ್ಲಗೆ ತನ್ನ ಫೋನನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡ.

"ಬರೀ ಕಾಯಿನ್ನು ಅಂದ್ರಲ್ಲ ರೀ!" ವಾಸಂತಿ ಗಂಡನ ಮೇಲೆ ತಿರುಗಿದಳು. "ಒಂದು ಕಾಫಿಗೂ ಬಾರದ ಕಾಯಿನ್ನು! ಅದಕ್ಕೆ ಯಾಕೆ ದೂರು ಕೊಡ್ತಾರೆ?"

ವಿನಯ ತಲೆಗೆ ಕೈ ಹೊತ್ತು ಕೂತಿದ್ದ. "ಹರಟೆಕಟ್ಟೇಲಿ ಓದಿದೋರು ಸಾಹುಕಾರದಲ್ಲಿ ಹೋಗಿ ದುಡ್ಡು ಕಟ್ಟಿದಾರೆ. ಮೊದಲ ಆಟ ಸೋಲ್ತಾರೆ ಅಂತ. ಅವರು ಗೆದ್ರು, ಎದುರು ಕಟ್ಟಿದೋರು ಕಳಕೊಂಡ್ರು, ಅವರೇ ದೂರು ಕೊಟ್ಟಿರೋದು. ಮೂರು ಅಂಗಡಿ ಹೋಲಿಸಿದೆ ಕಣೇ. ಮೂರಕ್ಕೂ ಹೋಗೋ ಗಿರಾಕಿಗಳು ಅದೇ ಜನ ಅನ್ನೋದನ್ನ ನೋಡಲೇ ಇಲ್ಲ."

"ನೀವು ಯಾವತ್ತು ಏನು ನೋಡಿದೀರಿ?"

ಆ ಜಗಳ ಆ ಮೇಜಿನಿಂದ ಎದ್ದು ಅಡುಗೆಮನೆಗೆ ಹೋಯಿತು, ಅಲ್ಲಿಂದ ಬೆಡ್‌ರೂಮಿಗೆ, ಮರುದಿನ ಬೆಳಿಗ್ಗೆ ಮತ್ತೆ ಕಾಫಿಯ ಜೊತೆ ಹಾಜರಾಯಿತು. ಫೀಸು ಪೂರ್ತಿ ಕಟ್ಟಬೇಕಾಗತ್ತೆ. ಕಟ್ಟೋಣ. ಎಲ್ಲಿಂದ? ನಿಮ್ಮಪ್ಪನ ಬಾಯಿಂದ ಉದುರತ್ತಾ? ನಮ್ಮಪ್ಪನ ಸುದ್ದಿ ಬೇಡ. ಇನ್ಯಾರ ಸುದ್ದಿ ಇದೆ ಈ ಮನೇಲಿ? ನಾಣಿ ತನ್ನ ರೂಮಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಊಟದ ಹೊತ್ತಿಗೆ ವಾಸಂತಿ ಅವನ ತಟ್ಟೆ ಬಡಿಸಿ, ಮುಚ್ಚಿಟ್ಟು, ಒಂದು ಮಾತೂ ಆಡದೆ ಒಳಗೆ ಹೋಗುತ್ತಿದ್ದಳು. ಮೊದಲು "ಮಾವಾ, ಉಪ್ಪು ಸಾಕಾ?" ಅಂತ ಕೇಳುತ್ತಿದ್ದಳು. ಆ ವಾರ ಉಪ್ಪು ಸಾಕಾಗಿರಲಿಲ್ಲ. ಅವನು ಕೇಳಲಿಲ್ಲ.

ಶನಿವಾರ ಅಕ್ಷಯಾ ಸೋಫಾದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತು ಫೈನಲ್ ನೋಡಿದಳು. ಅವಳ ಜಾಗದಲ್ಲಿ ಬೇರೆ ಹುಡುಗಿ ಆಡುತ್ತಿದ್ದಳು. ವಿನಯ ಅಂಗಡಿಯಿಂದ ತೆಂಗಿನಹಾಲಿನ ಅನ್ನದ ನಾಸಿ ಲೆಮಾಕ್ ತಪಾವ್ ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿ, ತಂದಿದ್ದ. ಪೊಟ್ಟಣ ಬಿಚ್ಚುವವರಿರಲಿಲ್ಲ. ಹಾರ್ನ್‌ಬಿಲ್ಸ್ ಸೋತರು. ಅವಳು ಎದ್ದು ಹೋಗಿ ಜೆರ್ಸಿಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಿದಳು. ಅದು ಒಗೆದು ಇಸ್ತ್ರಿ ಮಾಡಿಟ್ಟಿದ್ದ ಜೆರ್ಸಿ.

ವಿಚಾರಣೆ ವಿಡಿಯೋದಲ್ಲಿ ನಡೆಯಿತು, ಅದೇ ಊಟದ ಮೇಜಿನ ಮೇಲೆ. ಲೀಗ್‌ನ ಕಡೆಯಿಂದ ಮೂವರಿದ್ದರು, ನಡುವೆ ತಲೆಗೆ ಟುಡುಂಗ್ ವಸ್ತ್ರ ಹೊದ್ದ ಒಬ್ಬ ಹೆಂಗಸು. ನಾಣಿ ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಕೂತಿದ್ದ. ಅವನ ಕನ್ನಡವನ್ನು ವಿನಯ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು ಅಂತ ಏರ್ಪಾಡಾಗಿತ್ತು. ಹಿಂದಿನ ದಿನ ವಾಸಂತಿ ವಾರದಲ್ಲಿ ಮೊದಲ ಸಲ ಮಾವನ ಹತ್ತಿರ ಬಾಯಿ ಬಿಟ್ಟಿದ್ದಳು: "ಮಾವಾ, ನಾಳೆ ಒಂದು ದಿನ ಇದ್ದದ್ದು ಇದ್ದ ಹಾಗೆ ಹೇಳಿ. ಕೈ ಮುಗೀತೀನಿ."

"ಮೊದಲ ಆಟ ಸೋಲುತ್ತಾರೆ ಅಂತ ನಿಮಗೆ ಹೇಗೆ ತಿಳಿಯಿತು?" ಅಂತ ಆ ಹೆಂಗಸು ಕೇಳಿದಳು.

ನಾಣಿ ಬೆನ್ನು ನೆಟ್ಟಗೆ ಮಾಡಿಕೊಂಡ. "ನೋಡಿ ಮೇಡಂ, ನಾನು ಕಣ್ಣು ಮುಚ್ಚಿದ್ರೆ ಸಾಕು, ಮುಂದಿನದು ಎದುರಿಗೆ..."

ವಿನಯ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. "ಅಪ್ಪಾ," ಅಂದ, ತುಂಬ ಮೆಲ್ಲಗೆ. "ಅವರು ಇದನ್ನ ನಂಬಲ್ಲ. ನಂಬದೆ ಇದ್ರೆ ಅವಳೇ ಹೇಳಿದ್ಳು ಅಂತಾಗತ್ತೆ."

ಅಕ್ಷಯಾ ಮೇಜಿನ ಆ ತುದಿಯಲ್ಲಿ ಉಗುರು ನೋಡುತ್ತಾ ಕೂತಿದ್ದಳು. ಕೈಪಟ್ಟಿ ಇನ್ನೂ ಇತ್ತು.

"ಪ್ರತಿ ಮ್ಯಾಚಿನ ಮೊದಲು ಅವಳು ನಿಮಗೆ ಫೋನ್ ಮಾಡುತ್ತಾಳಾ?"

"ಇಲ್ಲ."

"ಯಾವಾಗಲಾದರೂ ಮಾಡಿದ್ದಾಳಾ?"

"ಇಲ್ಲ ಮೇಡಂ. ಹಾಸ್ಟೆಲಿಗೆ ಹೋದ ಮೇಲೆ ಒಂದು ಸಲಾನೂ ಇಲ್ಲ."

"ಆ ಶುಕ್ರವಾರ ಅವಳು ನಿಮಗೆ ಏನು ಹೇಳಿದಳು?"

ನಾಣಿ ಇದಕ್ಕೆ ಮಗನನ್ನು ಕಾಯಲಿಲ್ಲ. ತನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ತಾನೇ ಹೇಳಿದ. "ನಾಟ್ ಹಂಗ್ರಿ, ತಾತ."

"ಅದರ ಹಿಂದಿನ ವಾರ?"

"ಸೇಮ್."

ಆ ಹೆಂಗಸು ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ವಿನಯ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ. ತೊಳೆಯಲು ಪಾತ್ರೆಗಳೇನೂ ಬಿದ್ದಿರಲಿಲ್ಲ.

ತೀರ್ಮಾನ ಎರಡು ದಿನದ ಮೇಲೆ ಬಂತು. ಅವಳ ಮೇಲೆ ತಪ್ಪು ಕಂಡುಬಂದಿಲ್ಲ. ಮುಂದಿನ ಸೀಸನ್ನಿಗೆ ಆಡಬಹುದು. ಆದರೆ ತಂಡಕ್ಕೆ ಯಾರು ಬೇಕು ಅನ್ನುವುದು ಕೋಚಿಗೆ ಬಿಟ್ಟದ್ದು. ಕೋಚು ಹೊಸ ಹುಡುಗಿಯನ್ನೇ ಇಟ್ಟುಕೊಂಡ. ವಾಸಂತಿ ತನ್ನ ಬಳೆಗಳನ್ನು ಒಂದು ಟಿಫಿನ್ ಡಬ್ಬಿಗೆ ಹಾಕಿ, ಕೈಚೀಲದಲ್ಲಿಟ್ಟುಕೊಂಡು ಹೊರಗೆ ಹೋಗಿಬಂದಳು. ಬಂದಾಗ ಡಬ್ಬಿ ಖಾಲಿ, ಕೈಯಲ್ಲಿ ಫೀಸಿನ ರಸೀದಿ. ವಿನಯ ಮೂರೂ ಆ್ಯಪು ತೆಗೆದುಹಾಕಿದ. ಹೋಲಿಸದೆ, ಕೆಳಗಿನ ಅಂಗಡಿಯಲ್ಲಿ ಮೊದಲು ಕಂಡ ರೈಸ್ ಕುಕ್ಕರನ್ನು ತಂದಿಟ್ಟ. ವಾಸಂತಿ ಅವತ್ತೂ ಪಾತ್ರೆಯಲ್ಲೇ ಅನ್ನ ಬಸಿದಳು.

ಮುಂದಿನ ಶನಿವಾರ ಮಧ್ಯಾಹ್ನ ನಾಣಿ ಎಂದಿನಂತೆ ಎದ್ದು ಬಾಲ್ಕನಿಗೆ ಬಂದ. ಹೆದ್ದಾರಿಯ ಆಚೆ ಮೋಡ ಕಪ್ಪಿಟ್ಟಿತ್ತು. ಕೈ ತಾನಾಗಿಯೇ ಅರ್ಧಕ್ಕೆ ಎದ್ದಿತು. ಬಾಗಿಲಲ್ಲಿ ಅಕ್ಷಯಾ ನಿಂತಿರುವುದು ಕಂಡು ಹಾಗೇ ಇಳಿಸಿದ.

ಅವಳ ಕಿವಿಯಲ್ಲಿ ಇಯರ್‌ಫೋನಿರಲಿಲ್ಲ.

"ಹೌ ಡಿಡ್ ಯು ನೋ, ತಾತ? ಫಸ್ಟ್ ಗೇಮ್ ಲಾಸ್, ದೆನ್ ಟೂ ವಿನ್ಸ್. ನನಗೇ ಗೊತ್ತಿರಲಿಲ್ಲ."

ಅವನ ನಾಲಿಗೆಯ ತುದಿಗೆ ಹತ್ತು ಉತ್ತರ ಬಂದು ನಿಂತವು, ಒಂದಕ್ಕಿಂತ ಒಂದು ಭರ್ಜರಿಯಾದವು.

"ನನಗೂ ಗೊತ್ತಿರಲಿಲ್ಲ," ಅಂದ. "ಬಾಯಿಗೆ ಬಂದದ್ದು ಹೇಳಿದೆ."

"ಬಟ್ ವೈ?"

"ಅಲ್ಲಿ ಎಲ್ಲರೂ ಕೇಳ್ತಾ ಇದ್ರು ಪುಟ್ಟಿ. ಮೊಮ್ಮಗಳು ಇವತ್ತು ಏನು ಹೇಳಿದ್ಳು, ಏನು ಹೇಳಿದ್ಳು ಅಂತ. ಏನೂ ಹೇಳಲಿಲ್ಲ ಅನ್ನೋಕೆ ನಾಚಿಕೆ ಆಯ್ತು."

ಅವಳು ಬಾಲ್ಕನಿಯ ಹಗ್ಗದಲ್ಲಿ ಒಣಗಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ತೋಳಿನ ಮೇಲೆ ಹಾಕಿಕೊಳ್ಳತೊಡಗಿದಳು. ಯಾರೂ ಮುಟ್ಟದೆ ಬಿಟ್ಟಿದ್ದ ಜೆರ್ಸಿಯೂ ಅಲ್ಲೇ ಇತ್ತು. ಅದನ್ನೂ ತೆಗೆದಳು.

"ಮಳೆ?" ಅಂದಳು, ಅವನ ಕಡೆ ತಿರುಗದೆ.

ನಾಣಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅದೂ ನಾನಲ್ಲ ಕಣೇ. ಈ ಊರಲ್ಲಿ ಅದು ಹೇಗೂ ದಿನಾ ಬರತ್ತೆ."

ಅವಳು ಬಟ್ಟೆ ಹೊತ್ತು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೊದಲ ಹನಿಗಳು ಗ್ರಿಲ್ಲಿನ ಮೇಲೆ ಬಿದ್ದವು. ಯಾರೂ ಕರೆದಿರಲಿಲ್ಲ.